ರೋಮ್‌ನಲ್ಲಿ ಬಿರುದು ಓದುವ ನಡಿಗೆ: ದುಡ್ಡು ವಸೂಲು, ಕಾಲು ಸುಸ್ತು

ಕೊಲೋಸಿಯಂ ಎದುರು ಫೋಟೊ ತೆಗೆಸಿಕೊಂಡು, ಐಸ್‌ಕ್ರೀಮ್ ತಿಂದು, ಹೊತ್ತು ಮುಳುಗುವುದರೊಳಗೆ ಹೋಟೆಲ್ ಸೇರಬೇಕು ಎನ್ನುವವರು ಇದಕ್ಕೆ ದುಡ್ಡು ಕಟ್ಟಬೇಡಿ. ಈ ನಡಿಗೆಯಲ್ಲಿ ಮಾಡುವ ಕೆಲಸ ಒಂದೇ: ಕತ್ತು ಮೇಲೆತ್ತಿ ಕಲ್ಲಿನ ಮೇಲಿನ ಅಕ್ಷರ ಓದುವುದು. ಅದೂ ಯುದ್ಧದ ಕಥೆಯೋ ಪ್ರೇಮದ ಕಥೆಯೋ ಅಲ್ಲ. ರೋಮನ್ ದೊರೆಗಳು ತಮ್ಮ ಹೆಸರಿನ ಹಿಂದೆ ಮುಂದೆ ಹಚ್ಚಿಕೊಂಡ ಬಿರುದುಗಳು. ಅವುಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ‘ಅಗಸ್ಟಸ್’. ತಲೆಗೆ 45 ಯೂರೋ, ಹಳೆಯ ರೋಮಿನ ಪೇಟೆಚೌಕವಾದ ಫೋರಂ ಒಳಗಿನ ಟಿಕೆಟ್ ಬೇರೆ. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಯಿತು. ನಮ್ಮನೆಯವರ ಪ್ರಕಾರ ಅರ್ಧ. ಅಳಿಯಂದಿರು ಪ್ಯಾಂಥಿಯನ್ ಎಂಬ ಹಳೆಯ ಗುಡಿಯ ಹತ್ತಿರ ಕಾಫಿ ನೆಪ ಹೇಳಿ ಜಾಗ ಖಾಲಿ ಮಾಡಿದವರು ಸಂಜೆಗೇ ಸಿಕ್ಕಿದ್ದು.

ನನಗೆ ಯಾಕೆ ಹಿಡಿಸಿತು ಅಂದರೆ, ದಾವಣಗೆರೆಯಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್ಸು. ಮೊಳೆ ಜೋಡಿಸಿ ಟ್ರೆಡಲ್ ತುಳಿದ ಕಾಲದಿಂದ ಡಿಟಿಪಿವರೆಗೆ ನನ್ನ ಕೈಯಲ್ಲಿ ಹಾದುಹೋದ ಲಗ್ನಪತ್ರಿಕೆಗಳಿಗೆ ಲೆಕ್ಕವಿಲ್ಲ. ‘ಚಿ||’, ‘ಚಿ||ಕುಂ||ಸೌ||’, ‘ವೇ||ಬ್ರ||ಶ್ರೀ||’ ಇವನ್ನೆಲ್ಲ ಬಿಡಿಸಿ ಬರೆಯಿರಿ ಎಂದು ಒಬ್ಬರೂ ಕೇಳಿಲ್ಲ. ಬಿಟ್ಟರೆ ಮಾತ್ರ ಮದುವೆ ಮನೆಯವರು ಪ್ರೆಸ್ಸಿಗೇ ಬಂದು ಜಗಳ ತೆಗೆಯುತ್ತಾರೆ. ರೋಮನ್ನರ ಕಲ್ಲೂ ಹಾಗೇ. ಪೂರ್ತಿ ಪದ ಬರೆದದ್ದು ಕಡಿಮೆ, ಮೊದಲ ಮೂರೋ ನಾಲ್ಕೋ ಅಕ್ಷರ ಕೆತ್ತಿ ಚುಕ್ಕಿ ಇಟ್ಟರೆ ಮುಗಿಯಿತು. ‘ಇಂಪ್’ ಅಂದರೆ ಇಂಪೆರಾಟೋರ್, ‘ಕೇಸ್’ ಅಂದರೆ ಸೀಸರ್, ‘ಆಗ್’ ಅಂದರೆ ಅಗಸ್ಟಸ್. ಈ ಮೂರನ್ನು ಗುರುತು ಹಿಡಿಯಲು ಕಲಿತವನು ರೋಮ್‌ನ ಅರ್ಧ ಕಮಾನುಗಳನ್ನು ಓದಬಲ್ಲ ಎಂದು ನಮ್ಮ ಗೈಡ್ ಶುರುವಿನಲ್ಲೇ ಹೇಳಿದರು. ಹಿಂದೆ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದವರು, ಅರವತ್ತು ದಾಟಿದ ಹೆಂಗಸು. ಕೈಯಲ್ಲಿ ಒಂದು ಮಡಚುವ ಕೊಡೆ. ಬಿಸಿಲಿಗೂ ಅದೇ, ಅಕ್ಷರ ತೋರಿಸುವ ಕೋಲೂ ಅದೇ. ಮಾತು ಇಂಗ್ಲಿಷಿನಲ್ಲಿ, ನಿಧಾನ, ನಮಗೆ ಅರ್ಥವಾಗುವಂಥದ್ದು.

ನಡಿಗೆ ಶುರುವಾಗುವುದು ಟೈಬರ್ ನದಿ ಪಕ್ಕದ ಆರಾ ಪಾಚಿಸ್ ಮ್ಯೂಸಿಯಂ ಹೊರಗೆ. ಒಳಗೆ ಹೋಗುವುದಿಲ್ಲ, ಹೊರಗಿನ ಗೋಡೆಯೇ ಪಾಠ. ಈ ಬಿರುದನ್ನೇ ಹೆಸರಾಗಿಸಿಕೊಂಡ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಬರೆದಿಟ್ಟ ‘ರೆಸ್ ಗೆಸ್ಟೆ’ ಆ ಗೋಡೆಯುದ್ದಕ್ಕೂ ಲ್ಯಾಟಿನ್‌ನಲ್ಲಿದೆ. ಮೂಲ ಇದ್ದದ್ದು ರಸ್ತೆಯಾಚೆಗಿನ ಅವನ ಸಮಾಧಿಯೆದುರು, ಕಂಚಿನ ಫಲಕಗಳ ಮೇಲೆ. ಅವು ಯಾವತ್ತೋ ಹೋದವು. ನಮಗೆ ಉಳಿದ ಪಠ್ಯದ ಬಹುಪಾಲು ಟರ್ಕಿಯ ಅಂಕಾರಾದ ಒಂದು ದೇವಾಲಯದ ಗೋಡೆಯಿಂದ ಬಂದದ್ದು. ಈ ಗೋಡೆ ಎದ್ದದ್ದು 1938ರಲ್ಲಿ, ಮುಸೊಲಿನಿ ಕಾಲದಲ್ಲಿ, ಅಗಸ್ಟಸ್ ಹುಟ್ಟಿ 2000 ವರ್ಷವಾಯಿತೆಂದು ಸಂಭ್ರಮ ಮಾಡಿದಾಗ. ಮೇಲಿನ ಗಾಜಿನ ಕಟ್ಟಡ 2006ರದ್ದು. “ಇನ್ನೊಬ್ಬನ ಬಿರುದಿನ ನೆರಳಲ್ಲಿ ನಿಲ್ಲಬೇಕು ಅಂತ ಆಸೆಪಟ್ಟವರು ಅಗಸ್ಟಸ್ ನಂತರ ತುಂಬ ಜನ” ಎಂದು ಗೈಡ್ ಕೊಡೆಯಿಂದ ಗೋಡೆ ತಟ್ಟಿ ಮುಂದೆ ಹೋದರು. ಅಷ್ಟೇ ಸಾಕಿತ್ತು.

ಅವರು ಹೆಚ್ಚು ಹೊತ್ತು ನಿಲ್ಲಿಸಿದ್ದು 34ನೇ ಅಧ್ಯಾಯದ ಎದುರು. ಅಂತರ್ಯುದ್ಧಗಳನ್ನು ಮುಗಿಸಿ, ಎಲ್ಲರ ಒಪ್ಪಿಗೆಯಿಂದ ಎಲ್ಲವೂ ನನ್ನ ಕೈಯಲ್ಲಿದ್ದಾಗ, ರಾಜ್ಯವನ್ನು ಹಿರಿಯರ ಸಭೆಯಾದ ಸೆನೆಟ್ಟಿಗೂ ಜನಕ್ಕೂ ಒಪ್ಪಿಸಿದೆ ಎನ್ನುತ್ತಾನೆ. ಅದಕ್ಕೆ ಪ್ರತಿಯಾಗಿ ಸೆನೆಟ್ಟು ಅವನಿಗೆ ‘ಅಗಸ್ಟಸ್’ ಎಂದು ಹೆಸರು ಕೊಟ್ಟಿತು, ಮನೆಯ ಬಾಗಿಲ ಚೌಕಟ್ಟಿಗೆ ಲಾರೆಲ್ ಎಲೆ ಕಟ್ಟಿಸಿತು, ಬಾಗಿಲ ಮೇಲೆ ಓಕ್ ಎಲೆಯ ಕಿರೀಟ ಇಡಿಸಿತು, ಸಭಾಭವನದಲ್ಲಿ ಚಿನ್ನದ ಗುರಾಣಿ ನೇತುಹಾಕಿತು. ಇದು ಕ್ರಿ.ಪೂ. 27ರ ಜನವರಿ ಮಾತು. ಆಗ ಅವನಿಗೆ 35 ವರ್ಷ. ಕೆಲವರು ‘ರೊಮ್ಯುಲಸ್’ ಎಂದು ಕರೆಯೋಣ ಎಂದಿದ್ದರಂತೆ, ಊರು ಕಟ್ಟಿದವನ ಹೆಸರು. ಆದರೆ ರೊಮ್ಯುಲಸ್ ಅರಸ. ರೋಮನ್ನರಿಗೆ ಅರಸ ಎಂಬ ಮಾತೇ ಆಗದು. ಮುನಾಷಿಯಸ್ ಪ್ಲಾಂಕಸ್ ಎಂಬ ಸೆನೆಟರ್ ಸೂಚಿಸಿದ ‘ಅಗಸ್ಟಸ್’ ಗೆದ್ದಿತು. ದೇವಸ್ಥಾನಗಳಿಗೆ, ಶಕುನ ನೋಡಿ ಪವಿತ್ರ ಮಾಡಿದ ಜಾಗಗಳಿಗೆ ಹೇಳುತ್ತಿದ್ದ ಮಾತು ಅದು. ಹೆಚ್ಚಿಸುವುದು, ಬೆಳೆಸುವುದು ಎನ್ನುವ ಧಾತುವಿಗೂ ಶಕುನ ಹೇಳುವವರ ಹೆಸರಿಗೂ ಅದನ್ನು ಹಳಬರೇ ನೆಂಟಸ್ತಿಕೆ ಕಟ್ಟಿದ್ದಾರೆ. ಗ್ರೀಕ್ ಮಾತಾಡುವ ಪೂರ್ವದ ಕಡೆ ಇದೇ ‘ಸೆಬಾಸ್ಟೋಸ್’ ಆಯಿತು, ಪೂಜ್ಯ ಎಂಬ ಅರ್ಥದಲ್ಲಿ.

ಅದಾದ ಮೇಲಿನ ಸಾಲನ್ನು ಗೈಡ್ ಎರಡು ಸಲ ಓದಿದರು. ಅಂದಿನಿಂದ ಗೌರವದಲ್ಲಿ ನಾನು ಎಲ್ಲರಿಗಿಂತ ಮೇಲಿದ್ದೆ, ಅಧಿಕಾರ ಮಾತ್ರ ನನ್ನ ಜೊತೆಯ ಪದಾಧಿಕಾರಿಗಳಿಗಿಂತ ಹೆಚ್ಚಿರಲಿಲ್ಲ, ಎಂದು. “ಇದನ್ನು ನಂಬುತ್ತೀರಾ?” ಎಂದು ಗುಂಪನ್ನು ಕೇಳಿದರು. ಯಾರೂ ನಂಬಲಿಲ್ಲ. ಆದರೆ ಕಾಗದದ ಮೇಲೆ ಮಾತು ನಿಜ ಎನ್ನುವುದೇ ಚೋದ್ಯ. ‘ಅಗಸ್ಟಸ್’ ಎಂಬ ಬಿರುದಿನಿಂದ ಒಂದು ಕಾಸಿನ ಅಧಿಕಾರವೂ ಬರುವುದಿಲ್ಲ. ಸೈನ್ಯ ಬೇರೆ ಹುದ್ದೆಯಿಂದ, ಸೆನೆಟ್ಟಿನ ತೀರ್ಮಾನ ತಡೆಯುವ ಹಕ್ಕು ಟ್ರಿಬ್ಯೂನ್ ಎಂಬ ಜನಪ್ರತಿನಿಧಿಯ ಅಧಿಕಾರದಿಂದ, ಧರ್ಮದ ಯಜಮಾನಿಕೆ ಕ್ರಿ.ಪೂ. 12ರಲ್ಲಿ ಸಿಕ್ಕ ಮಹಾಪುರೋಹಿತ ಪದವಿಯಿಂದ. ಬಿರುದು ಬರೀ ಹೆಸರು. ಆದರೂ ಅವನ ನಂತರ ಬಂದವರೆಲ್ಲ ಮೊದಲು ಕೈಚಾಚಿದ್ದು ಆ ಹೆಸರಿಗೇ. ಇಡೀ ನಡಿಗೆಯ ಎಳೆ ಇದು. ಮುಂದೆ ಪ್ರತಿ ಕಲ್ಲಿನೆದುರೂ ಗೈಡ್ ಕೇಳುತ್ತಿದ್ದ ಪ್ರಶ್ನೆ: ಇವನಿಗೆ ಇದನ್ನು ಕೊಟ್ಟವರು ಯಾರು?

ಆಗಸ್ಟ್ ತಿಂಗಳ ಮಾತು ಬಂದೇ ಬರುತ್ತದಲ್ಲ. ಕ್ಯಾಲೆಂಡರ್ ಅಚ್ಚು ಹಾಕುವ ಮನುಷ್ಯ ನಾನು, ಕಿವಿ ನೆಟ್ಟಗಾಯಿತು. ಸೆಕ್ಸ್‌ಟಿಲಿಸ್ ಎಂಬ ತಿಂಗಳಿಗೆ ಅವನ ಹೆಸರಿಟ್ಟದ್ದು ಕ್ರಿ.ಪೂ. 8ರಲ್ಲಿ. ಜುಲೈಗೆ ಸಮನಾಗಲೆಂದು ಫೆಬ್ರವರಿಯಿಂದ ಒಂದು ದಿನ ಕಿತ್ತು ಆಗಸ್ಟ್‌ಗೆ 31 ಮಾಡಿದರು ಎಂದು ನಾವು ಶಾಲೆಯಲ್ಲಿ ಕೇಳಿದ್ದು ಬರೀ ಕಟ್ಟುಕಥೆ. ಹೆಸರು ಬದಲಾಗುವ ಮೊದಲೇ ಆ ತಿಂಗಳಿಗೆ 31 ದಿನ ಇತ್ತು.

ಆ ಗೋಡೆಯ ಮೇಲೆಯೇ, 31ನೇ ಅಧ್ಯಾಯದಲ್ಲಿ, ಇಂಡಿಯಾದ ದೊರೆಗಳಿಂದ ನನ್ನ ಬಳಿಗೆ ಆಗಾಗ ರಾಯಭಾರಿಗಳು ಬಂದರು, ಹಿಂದೆ ಯಾವ ರೋಮನ್ ನಾಯಕನೂ ಅದನ್ನು ಕಂಡಿರಲಿಲ್ಲ ಎಂದಿದೆ. ಗೈಡ್ ನಮ್ಮನ್ನು ನೋಡಿ ನಕ್ಕರು. ನಾನೂ ಸುಮ್ಮನಿರಲಿಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೂ 256 ಸಿಕ್ಕಿದ್ದು, ನಮ್ಮ ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್ ಮತ್ತು ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್ ನಾಣ್ಯ ಬಂದದ್ದು ಎಲ್ಲ ಹೇಳಿದೆ. ಅವರು ಚೀಲಕ್ಕೆ ಕೈಹಾಕಿ, ಕೊನೆಗೆ ಕೊಡಬೇಕಿದ್ದ ಉಡುಗೊರೆಯನ್ನು ನನಗೆ ಅಲ್ಲೇ ಕೊಟ್ಟರು: ಟೈಬೀರಿಯಸ್‌ನ ದಿನೇರಿಯಸ್ ಎಂಬ ಬೆಳ್ಳಿ ನಾಣ್ಯದ ನಕಲು. ನಕಲು ಚೆನ್ನಾಗಿದೆ, ತೂಕವೂ ಇದೆ. ಮುಖದ ಸುತ್ತ ಓಡುವ ಸಾಲು: ‘ಟೈಬೀರಿಯಸ್ ಸೀಸರ್, ದೈವವಾದ ಅಗಸ್ಟಸ್‌ನ ಮಗ, ಅಗಸ್ಟಸ್’. ಇಷ್ಟು ಚಿಕ್ಕ ಸುತ್ತಿನಲ್ಲಿ ಅಗಸ್ಟಸ್ ಎರಡು ಸಲ. ಮೊದಲನೆಯದು ಮೂರೇ ಅಕ್ಷರಕ್ಕೆ ಮೊಟಕು, ಅದು ಸತ್ತ ಅಪ್ಪನ ಹೆಸರು. ಎರಡನೆಯದು ಪೂರ್ತಿ ಬಿಡಿಸಿ ಬರೆದದ್ದು, ಅದು ಬದುಕಿರುವವನ ಬಿರುದು. ಜಾಗ ಸಾಲದಾಗ ಯಾವುದನ್ನು ಮೊಟಕು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂದು ಆ ಅಚ್ಚು ಕೊರೆದವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಮಗ್ಗುಲಲ್ಲಿ ‘ಮಹಾಪುರೋಹಿತ’ ಎಂಬುದರ ಮೊಟಕು ರೂಪ. ನಾನು ಕೊಟ್ಟ 45 ಯೂರೋದಲ್ಲಿ ಇದಕ್ಕೇ ಹತ್ತು ಹೋದರೂ ಬೇಸರವಿಲ್ಲ.

ಪ್ಯಾಂಥಿಯನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನವೋ ಜನ. ಮುಂಭಾಗದ ಮೇಲೆ, ಅಗಸ್ಟಸ್‌ನ ಬಲಗೈ ಬಂಟ ಅಗ್ರಿಪ್ಪ ಕಟ್ಟಿಸಿದ ಎಂದಿದೆ. ಈಗಿನ ಕಟ್ಟಡ ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಅವನು ತನ್ನ ಹೆಸರು ಹಾಕಿಕೊಳ್ಳದೆ ಹಳೆಯ ಹೆಸರನ್ನೇ ಉಳಿಸಿದ. ಬಿರುದಿನ ನಡಿಗೆಯಲ್ಲಿ ಕಟ್ಟಿಸಿದ ದೊರೆಯ ಬಿರುದೇ ಇಲ್ಲದ ಕಟ್ಟಡ ಒಳ್ಳೆಯ ಆಯ್ಕೆ, ಒಪ್ಪಿದೆ. ಆದರೆ ಆ ಗದ್ದಲದಲ್ಲಿ ಗೈಡ್ ಮಾತು ಕೇಳಲು ಕಿವಿಗೆ ಹಾಕಿಕೊಳ್ಳುವ ಯಂತ್ರ ಗೊರಗೊರ ಎನ್ನತೊಡಗಿ ಅರ್ಧ ಮಾತು ಕೇಳಲಿಲ್ಲ. ಬದಲಿ ಯಂತ್ರ ಇರಲಿಲ್ಲ. ದುಡ್ಡು ತೆಗೆದುಕೊಳ್ಳುವವರು ಎರಡು ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಚಕ್ರವರ್ತಿ ಟ್ರಾಜನ್‌ನ ಸ್ತಂಭದ ಬುಡಕ್ಕೆ ಬಂದಾಗ ನನಗೆ ಹಬ್ಬ. ಅಚ್ಚುಕೂಟದವರಿಗೆ ಇದು ಕಾಶಿ. ಸಿನಿಮಾ ಪೋಸ್ಟರ್‌ಗಳಲ್ಲಿ ನೀವು ನೋಡುವ ‘ಟ್ರಾಜನ್’ ಫಾಂಟು ಇದೆಯಲ್ಲ, 1989ರಲ್ಲಿ ಅಡೋಬಿ ಕಂಪನಿಗೆ ಕ್ಯಾರಲ್ ಟ್ವಾಂಬ್ಲಿ ಮಾಡಿದ್ದು, ಅದರ ಮೂಲ ಈ ಪೀಠದ ಮೇಲಿನ ಆರು ಸಾಲು. ಮೇಲಿನ ಸಾಲಿನ ಅಕ್ಷರ ಕೆಳಗಿನವಕ್ಕಿಂತ ತುಸು ದೊಡ್ಡವು. ಕಟಕಟೆ ಆಚೆ ನಿಂತು ನೋಡಬೇಕಾದ್ದರಿಂದ ದುರ್ಬೀನು ಇದ್ದರೆ ಒಳ್ಳೆಯದು. ನನಗೆ ಗುಂಪಿನಲ್ಲಿದ್ದ ಯಾರೋ ಪುಣ್ಯಾತ್ಮರು ಕೊಟ್ಟರು.

ಈ ಆರು ಸಾಲನ್ನು ಗೈಡ್ ಒಂದೊಂದೇ ಅಕ್ಷರ ಬಿಡಿಸಿದರು. ಸೆನೆಟ್ಟು ಮತ್ತು ರೋಮನ್ ಜನ ಕೊಡುತ್ತಿದ್ದಾರೆ. ಯಾರಿಗೆ? ಇಂಪೆರಾಟೋರ್ ಸೀಸರ್, ದೈವವಾದ ನೆರ್ವನ ಮಗ, ನೆರ್ವ ಟ್ರಾಜನ್ ಅಗಸ್ಟಸ್, ಜರ್ಮನರನ್ನು ಗೆದ್ದವ, ಡೇಶಿಯ (ಈಗಿನ ರೊಮೇನಿಯಾ ಕಡೆ) ಗೆದ್ದವ, ಮಹಾಪುರೋಹಿತ, ಟ್ರಿಬ್ಯೂನ್ ಅಧಿಕಾರ 17ನೇ ಸಲ, ಇಂಪೆರಾಟೋರ್ 6ನೇ ಸಲ, ಕಾನ್ಸಲ್ ಎಂಬ ದೊಡ್ಡ ಹುದ್ದೆ 6ನೇ ಸಲ, ದೇಶದ ತಂದೆ. ಇಲ್ಲಿ ‘ಇಂಪ್’ ಎರಡು ಕಡೆ ಬಂತು, ಗಮನಿಸಿದಿರಾ? ಎರಡೂ ಒಂದಲ್ಲ. ಹಳೆಯ ಕಾಲದಲ್ಲಿ ಗೆದ್ದ ಸೇನಾಪತಿಯನ್ನು ಸೈನಿಕರು ರಣರಂಗದಲ್ಲೇ ‘ಇಂಪೆರಾಟೋರ್’ ಎಂದು ಜೈಕಾರ ಹಾಕುತ್ತಿದ್ದರು. ಅಂಥ ಜೈಕಾರದ ಎಣಿಕೆ ಎರಡನೆಯದು. ಅಗಸ್ಟಸ್ ತನಗೆ 21 ಸಲ ಆಯಿತೆಂದು ಆ ಗೋಡೆಯ ಮೇಲೆ ಲೆಕ್ಕ ಕೊಟ್ಟಿದ್ದಾನೆ. ಮೊದಲನೆಯದು ಅದೇ ಅಗಸ್ಟಸ್ ತನ್ನ ಹುಟ್ಟುಹೆಸರನ್ನು ಕಿತ್ತೆಸೆದು ಅದರ ಜಾಗದಲ್ಲಿ ಕೂರಿಸಿಕೊಂಡದ್ದು, ಹೆಸರೇ ಆಗಿಹೋದ ಜೈಕಾರ. ಟೈಬೀರಿಯಸ್ ಅದನ್ನು ಮುಂದೆ ಹಚ್ಚಿಕೊಳ್ಳಲಿಲ್ಲ. ಮುಂದೆ ಬಂದ ದೊರೆ ವೆಸ್ಪಾಸಿಯನ್ ಕಾಲದಿಂದ ಅದು ಕಾಯಂ ಆಯಿತು. ದೊರೆ ಮನೆತನದ ಹೊರಗಿನವನೊಬ್ಬನಿಗೆ ಈ ಜೈಕಾರ ಸಿಕ್ಕಿದ್ದು ಕ್ರಿ.ಶ. 22ರಲ್ಲಿ ಬ್ಲೇಸಸ್ ಎಂಬ ಸೇನಾಪತಿಗೆ, ಅದೇ ಕೊನೆ. ಆಮೇಲೆ ಯಾರೇ ಗೆಲ್ಲಲಿ, ಲೆಕ್ಕ ಏರುವುದು ದೊರೆಯದ್ದೇ.

ಟ್ರಿಬ್ಯೂನ್ ಅಧಿಕಾರದ ಆ 17 ಕೂಡ ಬರೀ ಡೌಲಲ್ಲ, ತಾರೀಖು. ವರ್ಷಕ್ಕೊಮ್ಮೆ ನವೀಕರಣ ಆಗುವುದರಿಂದ ಎಣಿಸಿದರೆ ಕಲ್ಲಿನ ಕಾಲ ಕ್ರಿ.ಶ. 113ಕ್ಕೆ ಬಂದು ನಿಲ್ಲುತ್ತದೆ. ಇದನ್ನು ನಮ್ಮ ಗುಂಪಿನ ಒಬ್ಬ ಹುಡುಗಿ ತಾನೇ ಎಣಿಸಿ ಹೇಳಿದಳು. ಗೈಡ್ ಬಾಯಿಬಿಡದೆ ಕಾದರು. ಪಾಠ ಮಾಡುವುದು ಅವರಿಗೆ ನಿಜವಾಗಿ ಗೊತ್ತು.

ಫೋರಂ ಒಳಗೆ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕಮಾನು ಮೊದಲು ಸಿಗುತ್ತದೆ, ಟೈಟಸ್ ಕಮಾನು ಆಮೇಲೆ. ಕಾಲದ ಲೆಕ್ಕಕ್ಕೆ ಇದು ತಿರುಗುಮುರುಗು, ಆದರೆ ರಸ್ತೆ ಇರುವುದು ಹಾಗೆ. ಸೆವೆರಸ್ ಕಮಾನು ಕ್ರಿ.ಶ. 203ರದ್ದು. ಅಲ್ಲಿ ಅಕ್ಷರಗಳಿಗೆ ಕಂಚು ಕೂರಿಸಿದ್ದರು. ಕಂಚು ಹೋಗಿ ಅಕ್ಷರದ ಗುಂಡಿಗಳೂ ಕಂಚು ಹಿಡಿದಿದ್ದ ತೂತುಗಳೂ ಉಳಿದಿವೆ. ನಾಲ್ಕನೇ ಸಾಲನ್ನು ನೋಡಿ ಎಂದರು. ಉಳಿದ ಸಾಲುಗಳಿಗಿಂತ ಅಲ್ಲಿ ತೂತು ಜಾಸ್ತಿ, ಈಗಿರುವ ಅಕ್ಷರಗಳಿಗೂ ತೂತುಗಳಿಗೂ ತಾಳೆಯಿಲ್ಲ. ಕಾರಣ, ಅಲ್ಲಿ ಮೊದಲು ಇದ್ದ ಹೆಸರು ಬೇರೆ. ಸೆವೆರಸ್‌ನ ಇಬ್ಬರು ಮಕ್ಕಳಲ್ಲಿ ಹಿರಿಯ ಕಾರಕಲ್ಲ ಆಗಲೇ ‘ಅಗಸ್ಟಸ್’. ಕಿರಿಯ ಗೇಟಾ ಇನ್ನೂ ‘ಸೀಸರ್’, ಅಂದರೆ ಸರದಿಯಲ್ಲಿ ನಿಂತವನು. ಅಪ್ಪ ತೀರಿಕೊಂಡ ವರ್ಷವೇ, 211ರ ಡಿಸೆಂಬರ್‌ನಲ್ಲಿ, ಅಣ್ಣ ತಮ್ಮನನ್ನು ಕೊಲ್ಲಿಸಿದ. ಸಾಮ್ರಾಜ್ಯದ ತುಂಬ ತಮ್ಮನ ಹೆಸರು ಕೆರೆದು ಹಾಕಿಸಿದ. ಈ ಕಮಾನಿನಲ್ಲಿ ‘ಗೇಟಾ, ಅತ್ಯಂತ ಕುಲೀನ ಸೀಸರ್’ ಎಂದಿದ್ದ ಕಡೆ ‘ಅತ್ಯುತ್ತಮ, ಮಹಾಶೂರ ಪ್ರಭುಗಳಿಗೆ’ ಎಂದು ಹೊಸ ಮಾತು ತುಂಬಿಸಿದರು. ಅದೂ ಅಳತೆಗೆ ಸರಿಯಾಗಿ, ಸಾಲಿನ ಕೊನೆಯಲ್ಲಿ ಖಾಲಿ ಉಳಿಯದ ಹಾಗೆ! ಕೊಲೆ ಮಾಡಿದವನ ಬಗ್ಗೆ ಏನಾದರೂ ಹೇಳಿ, ಆ ಸಾಲು ತುಂಬಿಸಿದ ಕೆಲಸಗಾರನಿಗೆ ನನ್ನ ನಮಸ್ಕಾರ.

ಅದೇ ಕಲ್ಲಿನ ಮೊದಲ ಸಾಲಲ್ಲಿ ಇನ್ನೊಂದು ಕಿತಾಪತಿ ಇದೆ. ಸೆವೆರಸ್‌ನನ್ನು ‘ಮಾರ್ಕಸ್‌ನ ಮಗ’ ಎಂದು ಬರೆದಿದೆ. ಅವನಪ್ಪ ಮಾರ್ಕಸ್ ಅಲ್ಲ, ಪಬ್ಲಿಯಸ್. ಅಂತರ್ಯುದ್ಧದಲ್ಲಿ ಗೆದ್ದು ಬಂದವನು, ತೀರಿಕೊಂಡು ಹದಿನೈದು ವರ್ಷವಾಗಿದ್ದ ಚಕ್ರವರ್ತಿ ಮಾರ್ಕಸ್ ಅರೀಲಿಯಸ್‌ಗೆ ತಾನೇ ದತ್ತು ಹೋದ. ಸತ್ತವನ ಒಪ್ಪಿಗೆ ಕೇಳುವವರು ಯಾರು! ಕೊನೆಗೂ ನಿಮಗೊಬ್ಬ ಅಪ್ಪ ಸಿಕ್ಕಿದ್ದಕ್ಕೆ ಅಭಿನಂದನೆ ಎಂದು ಒಬ್ಬ ಸೆನೆಟರ್ ಅವನ ಎದುರೇ ಅಂದನಂತೆ. ಆ ಕಾಲದ ಇತಿಹಾಸಕಾರ ಡಿಯೋ ಬರೆದಿದ್ದಾನೆ. ಗೈಡ್ ಕೇಳುತ್ತ ಬಂದಿದ್ದ ‘ಕೊಟ್ಟವರು ಯಾರು’ ಎಂಬ ಪ್ರಶ್ನೆಗೆ ಇಲ್ಲಿ ಬಂದ ಉತ್ತರ: ತಾನೇ. ಆದರೂ ಕಲ್ಲಿನ ಕೊನೆಯಲ್ಲಿ ‘ಸೆನೆಟ್ಟು ಮತ್ತು ರೋಮನ್ ಜನ’ ಎಂಬುದರ ನಾಲ್ಕಕ್ಷರದ ಮೊಟಕು ತಪ್ಪದೆ ಇದೆ.

ಟೈಟಸ್ ಕಮಾನಿನ ಬರಹ ಚಿಕ್ಕದು, ಸತ್ತು ದೇವರಾದವನಿಗೆ ಲೆಕ್ಕಪತ್ರ ಬೇಕಿಲ್ಲವಲ್ಲ. ಎಣಿಕೆಗಳೆಲ್ಲ ಮಾಯ, ‘ಅಗಸ್ಟಸ್’ ಮಾತ್ರ ಪೂರ್ತಿ ಅಕ್ಷರದಲ್ಲಿ. ಕಾನ್‌ಸ್ಟಂಟೈನ್ ಕಮಾನಿಗೆ ಬರುವ ಹೊತ್ತಿಗೆ ಗೈಡ್‌ಗೂ ಸುಸ್ತು, ನಮಗೂ ಸುಸ್ತು. ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು. ಇದು ನನ್ನ ದೊಡ್ಡ ದೂರು. ನಿಜವಾಗಿ ಅಲ್ಲೇ ಹೇಳಬೇಕಾದ್ದು ಬಹಳವಿತ್ತು. 161ರಲ್ಲಿ ಮೊದಲ ಬಾರಿಗೆ ಇಬ್ಬರು ಅಗಸ್ಟಸ್‌ಗಳು ಜೊತೆಯಾಗಿ ಆಳಿದ್ದು, 293ರಲ್ಲಿ ಡಯೊಕ್ಲೀಷಿಯನ್ ಇಬ್ಬರು ಅಗಸ್ಟಸ್, ಇಬ್ಬರು ಸೀಸರ್ ಎಂದು ನಾಲ್ಕು ಪಾಲು ಮಾಡಿದ್ದು, ನಾಣ್ಯಗಳಲ್ಲಿ ಇಬ್ಬರಿದ್ದರೆ ‘ಆಗ್’ ಕೊನೆಯ ಅಕ್ಷರವನ್ನು ಎರಡು ಸಲ, ಮೂವರಿದ್ದರೆ ಮೂರು ಸಲ ಹೊಡೆಯುತ್ತಿದ್ದದ್ದು. ಇವೆಲ್ಲ ಅವರು ಕೊಟ್ಟ ಹಾಳೆಯಲ್ಲಿದೆ, ಬಾಯಲ್ಲಿ ಬರಲಿಲ್ಲ.

ಆ ಹಾಳೆಯ ಮಾತು ಬಂದಿದ್ದಕ್ಕೆ: ವಿಷಯ ಚಿನ್ನ, ಮುದ್ರಣ ದರಿದ್ರ. ಆರು ಪಾಯಿಂಟಿಗಿಂತ ಚಿಕ್ಕ ಅಕ್ಷರ, ತಿಳಿ ಬೂದು ಶಾಯಿ, ಹೊಳೆಯುವ ಕಾಗದ. ಬಿಸಿಲಲ್ಲಿ ಹಿಡಿದರೆ ಕನ್ನಡಿ. ಅಕ್ಷರವೇ ಬಂಡವಾಳವಾದ ನಡಿಗೆಗೆ ಇದು ಮರ್ಯಾದೆಯಲ್ಲ.

ಇನ್ನೊಂದು ಕೊರತೆ, ಹೆಂಗಸರು. ಅಗಸ್ಟಸ್ ಕ್ರಿ.ಶ. 14ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ಹೆಂಡತಿ ಲಿವಿಯಾಗೆ ‘ಅಗಸ್ಟಾ’ ಎಂಬ ಹೆಸರು ಬಿಟ್ಟುಹೋದ. 50ರಲ್ಲಿ ಅಗ್ರಿಪ್ಪಿನಾ ಗಂಡ ಕ್ಲಾಡಿಯಸ್ ಬದುಕಿರುವಾಗಲೇ ಅದನ್ನು ಪಡೆದಳು. ಇದರ ಬಗ್ಗೆ ನಮ್ಮನೆಯವರು ಕೇಳಿದ್ದಕ್ಕೆ “ಅದಕ್ಕೆ ಬೇರೆ ನಡಿಗೆ ಇದೆ” ಎಂದರು. ಬೇರೆ ದುಡ್ಡು ಎಂದು ಅರ್ಥ.

ಮುಗಿದ ಮೇಲೆ ಕ್ಯಾಪಿಟೊಲೈನ್ ಮ್ಯೂಸಿಯಂಗೆ ನೀವೇ ಹೋಗಿ. ನಡಿಗೆಯಲ್ಲಿ ಸೇರಿಲ್ಲ, ಸೇರಬೇಕಿತ್ತು. ಅಲ್ಲಿ ಒಂದು ಕಂಚಿನ ಫಲಕವಿದೆ, ವೆಸ್ಪಾಸಿಯನ್‌ಗೆ ಅಧಿಕಾರ ಕೊಟ್ಟ ಕಾನೂನಿನ ಉಳಿದ ಭಾಗ. ಒಪ್ಪಂದ ಮಾಡುವ ಹಕ್ಕು, ಸೆನೆಟ್ ಸೇರಿಸುವ ಹಕ್ಕು ಎಂದು ಕಲಮುಗಳು. ಅವುಗಳಲ್ಲಿ ಎಷ್ಟೋ ಕಡೆ ‘ದೈವವಾದ ಅಗಸ್ಟಸ್‌ಗೆ, ಟೈಬೀರಿಯಸ್‌ಗೆ, ಕ್ಲಾಡಿಯಸ್‌ಗೆ ಇದ್ದ ಹಾಗೆ’ ಎಂಬ ಮಾತು. ಕಲಿಗುಲಾ, ನೀರೋ ಹೆಸರು ಇಲ್ಲ. ಆ ಗೋಡೆಯ ಮೇಲೆ ‘ನನಗೆ ಹೆಚ್ಚಿನ ಅಧಿಕಾರವಿರಲಿಲ್ಲ’ ಎಂದವನ ಹೆಸರೇ ಇಲ್ಲಿ ಅಧಿಕಾರದ ಅಳತೆಗೋಲು. ಎರಡನ್ನೂ ಒಂದೇ ದಿನ ನೋಡಿದರೆ ಗೈಡ್ ಹೇಳಿದ್ದು ಪೂರ್ತಿಯಾಗುತ್ತದೆ.

ಹೋಗುವವರಿಗೆ: ಬೆಳಗಿನ ಬ್ಯಾಚೇ ಹಿಡಿಯಿರಿ. ಫೋರಂ ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆದಿಡಿ, ಸಾಲಿನಲ್ಲಿ ನಿಂತರೆ ಗುಂಪು ಕಾಯುವುದಿಲ್ಲ. ನೆಲವೆಲ್ಲ ಉಬ್ಬು ಕಲ್ಲು, ಮಂಡಿ ನೋವಿದ್ದವರು ಯೋಚಿಸಿ. ನೀರಿಗೆ ದುಡ್ಡು ಕೊಡಬೇಡಿ. ಬೀದಿಬೀದಿಗೂ ‘ನಾಸೋನಿ’ ಎಂಬ ನಲ್ಲಿಗಳಿವೆ, ತಣ್ಣನೆಯ ಒಳ್ಳೆಯ ನೀರು. ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ, ಹೈಸ್ಕೂಲು ಮಕ್ಕಳಾದರೆ ಖಂಡಿತ ಕರೆದೊಯ್ಯಿರಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಕಾನ್‌ಸ್ಟಂಟೈನ್ ಕಮಾನಿನ ಹತ್ತು ನಿಮಿಷಕ್ಕೆ, ಉಳಿದರ್ಧ ಆ ಬೂದು ಶಾಯಿಗೆ.